ಬೋಲ್ಟಿನ ಮೇಲಿನ ಸುಣ್ಣ

ಎಂಜಿನ್ನಿನ ಬೋಲ್ಟನ್ನು ಕೈಯಂದಾಜಿನಲ್ಲಿ ಬಿಗಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಪ್ಪನಿಗೂ ಹಾಗೇ. ಬೆಟಗೇರಿಯ ನಮ್ಮ ಗ್ಯಾರೇಜಿನಲ್ಲಿ ಅವನದೊಂದು ಕಟ್ಟಳೆ ಇತ್ತು. ಒಬ್ಬ ಟಾರ್ಕ್ ರೆಂಚ್ ಎಳೆಯಬೇಕು. ಬೇಕಾದಷ್ಟು ಬಿಗಿಯಾದಾಗ ಅದು ಟಕ್ ಅನ್ನುತ್ತದೆ. ಆ ಸದ್ದು ಕೇಳಿದ ಇನ್ನೊಬ್ಬ ‘ಹೂಂ’ ಎಂದು ಬೋಲ್ಟಿನ ತಲೆಗೆ ಸುಣ್ಣದ ಬೊಟ್ಟು ಇಡಬೇಕು. ಎಳೆಯುವವನು ನಾನು, ಹೂಂ ಅನ್ನುವವನು ಅಪ್ಪ. ಅವನು ತೀರಿಕೊಂಡ ಮೇಲೆ ಸುಣ್ಣವನ್ನೂ ನಾನೇ ಹಚ್ಚುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಮನೆಯ ಹಳೇ ಕಾರಿನ ಎಂಜಿನ್ ಹೆಡ್ ಬಿಚ್ಚಿ, ನೀರು ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೊಸದು ಕೂರಿಸಿದ್ದೆ. ಬೋಲ್ಟುಗಳನ್ನು ಮೊದಲ ಸುತ್ತಷ್ಟೇ ಬಿಗಿದು, ರೆಂಚ್ ತರಲು ಮಲ್ಲಸಮುದ್ರಕ್ಕೆ ಹೋದೆ. ಅಲ್ಲಿನ ಗೆಳೆಯ ಅದನ್ನು ಒಯ್ದವನು ತಿರುಗಿ ಕೊಡುವ ಮಾತೇ ಆಡಿರಲಿಲ್ಲ. ಅವನಿಗಾಗಿ ಕಾದು, ಮಧ್ಯಾಹ್ನ ದಾಟಿದ ಮೇಲೆ ಮರಳಿ ಬಂದರೆ ಕಾರೇ ಇಲ್ಲ. ಕರೆಂಟು ಹೋಗಿ ಪಕ್ಕದ ಮಗ್ಗಗಳೆಲ್ಲ ನಿಂತಿದ್ದವು. ಆ ಸದ್ದಿಲ್ಲದ ಹೊತ್ತಿನಲ್ಲಿ ಅವ್ವ ಒಬ್ಬಳೇ ಅಪ್ಪನ ಸ್ಟೂಲಿನ ಮೇಲೆ ಕೂತಿದ್ದಳು.

ಗಾಡಿ ಕೆಲಸ ಬಲ್ಲ ತಮ್ಮನೇ ಒಯ್ದಿರಬೇಕೆಂದು ಅವನಿಗೆ ಫೋನ್ ಮಾಡಿದೆ.

“ಮಗಳಿಗೆ ಹಕ್ಕಿ ತೋರಸಾಕ ಮಾಗಡಿ ಕೆರಿಗೆ ಬಂದೇನಿ. ಗಾಡೀದೂ ಟ್ರಯಲ್ ಆತು,” ಅಂದ.

“ಲೇ, ಬೋಲ್ಟ್ ಬಿಗದಿಲ್ಲಲೇ!”

“ಚಾಷ್ಟಿ ಮಾಡಬ್ಯಾಡ. ಎಲ್ಲಾ ಬೋಲ್ಟಿಗೂ ಸುಣ್ಣ ಇತ್ತು. ನೋಡೇ ಎಂಜಿನ್ ಮುಚ್ಚೇನಿ.”

ರೆಂಚ್ ಇನ್ನೂ ನನ್ನ ಕೈಯಲ್ಲೇ ಇತ್ತು. ಹಾಗಾದರೆ ಸುಣ್ಣ ಹಚ್ಚಿದವರು ಯಾರು?

“ಆದ್ರ ಎಂಜಿನ್ ಭಾಳ ಕಾದೈತಿ,” ಅವನು ಹೇಳುತ್ತಲೇ ಇದ್ದ. “ನೀರಿನ ಮುಚ್ಚಳ ತಗೀಬೇಕಂತ ನಿಂತೇನಿ. ಕೂಸು ಬಾಜೂಕ ಐತಿ.”

“ಮುಟ್ಟಬ್ಯಾಡ! ಕೂಸಿನ್ನ ಎತಗೊಂಡು ದೂರ ಓಡು!”

ಧಡ್ ಎಂದಿತು. ಆಮೇಲೆ ಸಾವಿರಾರು ರೆಕ್ಕೆಗಳು ಒಮ್ಮೆಲೇ ಎದ್ದ ಸದ್ದು. ತಮ್ಮನ ದನಿಯಿಲ್ಲ. ನಾನು ಕೂಗುತ್ತಲೇ ಇದ್ದೆ. ಕೊನೆಗೆ ಮಗು ಅಳುವುದು ಕೇಳಿಸಿತು. ಅಳು ಇಷ್ಟು ಚೆಂದ ಎಂದು ಅದಕ್ಕೆ ಮುಂಚೆ ನನಗೆ ಗೊತ್ತಿರಲಿಲ್ಲ.

“ಪೈಪು ಕಿತ್ತು ಕುದಿಯೋ ನೀರು ಸಿಡೀತು,” ತಮ್ಮ ಏದುಸಿರು ಬಿಡುತ್ತಿದ್ದ. “ಸರದಿದ್ವಿ. ಏನೂ ಆಗಿಲ್ಲ.”

ಫೋನ್ ಇಟ್ಟು ತಿರುಗಿದರೆ ಅವ್ವ ನನ್ನನ್ನೇ ನೋಡುತ್ತಿದ್ದಳು. ಅಪ್ಪ ಇಲ್ಲವೆಂಬುದು ಇತ್ತೀಚೆಗೆ ಅವಳಿಗೆ ಮರೆತೇ ಹೋಗುತ್ತಿತ್ತು.

“ಯಾಕ ಚೀರ್ತಿ? ನಿಮ್ಮಪ್ಪ ಬಿಗದ್ರು. ಟಕ್ ಅಂದದ್ದು ನಾ ಕೇಳೇನಿ. ಹೂಂ ಅಂದು ಸುಣ್ಣ ಹಚ್ಚೇನಿ.”

ಅವಳ ಬೆರಳ ತುದಿ ಬೆಳ್ಳಗಿತ್ತು.

ಕಾರನ್ನು ಎಳೆದು ತಂದು ಮತ್ತೆ ಹೊಸ ಗ್ಯಾಸ್ಕೆಟ್ ಹಾಕಿದೆ. ಸುಣ್ಣದ ಡಬ್ಬಿಯನ್ನು ಬಚ್ಚಿಟ್ಟಿದ್ದೆ. ಅವ್ವನನ್ನು ಅಲ್ಲಿಂದ ಎಬ್ಬಿಸಲು ಮಾತ್ರ ಮನಸ್ಸು ಬರಲಿಲ್ಲ; ಅದೇ ಸ್ಟೂಲಿನ ಒಂದು ಅಂಚಿಗೆ ಸರಿದು, ಪಕ್ಕದಲ್ಲಿ ಯಾರಿಗೋ ಜಾಗ ಬಿಟ್ಟು ಕೂತಿದ್ದಳು. ರೆಂಚ್ ಟಕ್ ಅಂದಾಗಲೆಲ್ಲ ‘ಹೂಂ’ ಅನ್ನುತ್ತಿದ್ದಳು, ಥೇಟ್ ಅಪ್ಪನ ಹಾಗೆ ಗಂಟಲಲ್ಲೇ. ನನಗೆ ಹೆದರಿಕೆಯಾಗುತ್ತಿತ್ತು. ಹಿತವೂ ಆಗುತ್ತಿತ್ತು.

ಕೊನೆಯ ಬೋಲ್ಟಿಗೆ ಬಂದಾಗ ರೆಂಚ್ ಇನ್ನೂ ಸದ್ದು ಮಾಡಿರಲಿಲ್ಲ. ಅಷ್ಟರಲ್ಲೇ “ಹೂಂ” ಬಂತು.

“ಇನ್ನೂ ಆಗಿಲ್ಲವ್ವಾ.”

“ಆತು ಅಂತಾರ ಅವ್ರು.”

ನನಗೆ ಸಿಟ್ಟು ಬಂತು. “ಅಪ್ಪ ಹೇಳಿದ್ರೂ ಅಷ್ಟ. ಟಕ್ ಅನ್ನೋತನಕ ನಾ ಬಿಡಾಂವಲ್ಲ,” ಎಂದು ಎಳೆದೆ. ಬೋಲ್ಟು ಇನ್ನಷ್ಟು ತಿರುಗಿ, ರೆಂಚ್ ಟಕ್ ಅಂದಿತು.

ಅವ್ವ ಪಕ್ಕದ ಖಾಲಿ ಜಾಗದತ್ತ ತಿರುಗಿ ನಕ್ಕಳು.

“ಕೇಳಿದ್ರೇನ್ರಿ? ಮಗಾ ನಿಮ್ಮಂಗ ಆಗ್ಯಾನ.”

ನಾನು ಆ ಕಡೆ ನೋಡಲಿಲ್ಲ.