ಒಂದನೆಯದರ ಬುದ್ಧಿ ಮೂರನೆಯದಕ್ಕೆ

ನುಮಾಜುವಿನ ನೂಲಿನ ಕಾರ್ಖಾನೆಯ ವಸತಿಗೃಹದ ಮೂರನೆಯ ಮಹಡಿಯಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಮುಗುರುಮಾ ಅವರದು. ಗಂಡ ಕೇಜೊ, ಹೆಂಡತಿ ಹತ್ಸುಯೆ. ಹತ್ಸುಯೆಯಷ್ಟು ಹೆದರುವ ಹೆಂಗಸನ್ನು ನನ್ನ ಎಪ್ಪತ್ತು ವರ್ಷಗಳಲ್ಲಿ ನಾನು ಇನ್ನೊಬ್ಬಳನ್ನು ಕಂಡಿಲ್ಲ. ಫೋನು ಬಡಿದುಕೊಂಡರೆ ಹೆದರಿಕೆ, ಬಡಿದುಕೊಳ್ಳದಿದ್ದರೆ ಏನಾಯಿತೋ ಎಂದು ಹೆದರಿಕೆ. ಬಚ್ಚಲ ನೀರು ಕಾಯಿಸುವ ಗ್ಯಾಸಿನ ನೀಲಿ ಉರಿಗೆ ಹೆದರಿಕೆ. ಗಂಡ ಒಣಮೀನು ತಿನ್ನುವಾಗ ಎದುರು ಕೂತು, ಕೊನೆಯ ತುತ್ತು ಇಳಿಯುವವರೆಗೂ ಅವನ ಗಂಟಲನ್ನೇ ನೋಡುವಳು.

“ಏನೇ, ನನ್ ಗಂಟಲಲ್ಲಿ ಸಿನಿಮಾ ತೋರಿಸ್ತಿದಾರಾ?” ಎಂದು ಕೇಜೊ ರೇಗಿಸಿದರೆ, “ನುಂಗಿ, ಮಾತಾಡ್ತಾ ನುಂಗಬೇಡಿ” ಎನ್ನುವಳು.

ಇಂಥವಳಿಗೆ ಒಂದೇ ಒಂದು ಧೈರ್ಯದ ಕೆಲಸ ಗೊತ್ತಿತ್ತು, ಅದು ಟಿವಿಯ ಮುಂದೆ. ಆ ಕಾಲದಲ್ಲಿ ಮಿನೆಗೊಯೆ ಎಂಬ ಆಟ ಮನೆಮನೆಯಲ್ಲೂ ಇತ್ತು. ಒಬ್ಬ ಪ್ರಯಾಣಿಕ ಕೈಯಲ್ಲಿ ಲಾಂದ್ರ ಹಿಡಿದು ಬೆಟ್ಟಗಳನ್ನು ದಾಟಬೇಕು, ಗುಹೆಗಳಿಗೆ ಇಳಿಯಬೇಕು, ಭೂತಗಳ ಕೈಯಲ್ಲಿ ಸಿಗದೆ ಮೆಟ್ಟಿಲು ಮೆಟ್ಟಿಲಾಗಿ ಬಲಿಯಬೇಕು. ಮೊದಲನೆಯ ಮಿನೆಗೊಯೆಯಲ್ಲಿ ಆಟ ನಿಲ್ಲಿಸುವಾಗ ಛತ್ರದ ಮುದುಕಿ ಐವತ್ತು ಅಕ್ಷರದ ಮಂತ್ರ ಹೇಳುತ್ತಾಳೆ. ಅದನ್ನು ಬರೆದಿಟ್ಟುಕೊಂಡು ಮರುದಿನ ಒಪ್ಪಿಸಿದರೆ ನಿಂತಲ್ಲಿಂದ ಮುಂದಕ್ಕೆ. ಕೇಜೊ ಆಡುವುದು, ಹತ್ಸುಯೆ ಬರೆಯುವುದು. ಅವಳ ಅಕ್ಷರ ಮುತ್ತಿನ ಹಾಗೆ. ಅವಳ ಪುಸ್ತಕದಲ್ಲಿದ್ದ ಮಂತ್ರ ಒಂದು ಸಲವೂ ತಪ್ಪಾಗಲಿಲ್ಲ. ಕೇಜೊ ಕೆಲಸಕ್ಕೆ ಹೋದ ಮೇಲೆ ಅವಳೇ ಗುಟ್ಟಾಗಿ ಹಚ್ಚಿ, ಅದೇ ಮಂತ್ರ ಒಪ್ಪಿಸಿ, ಆಟದ ಊರಿನ ಗೋಡೆಯೊಳಗೇ ಓಡಾಡಿ ಬರುತ್ತಿದ್ದಳು. ಊರಾಚೆ ಕಾಲಿಡಲು ಭಯ.

ಕಾರ್ಖಾನೆಯಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಗಂಡಸರಿಗೆ ಅದೇ ಮಾತು: ಮೂರು ಮಿನೆಗೊಯೆಗಳಲ್ಲಿ ಒಂದು ದೊಡ್ಡದೋ, ಎರಡು ದೊಡ್ಡದೋ, ಮೂರು ದೊಡ್ಡದೋ? ಕೇಜೊ ಮೊದಲನೆಯದರ ಕಡೆ. ವಿಭಾಗದ ಮುಖ್ಯಸ್ಥರು ಅರಿಮುರಾ ಸಾಹೇಬರು ಮೂರನೆಯದರ ಕಡೆ. ಆ ಸಾಹೇಬರು ನಕ್ಕಿದ್ದನ್ನು ಕಂಡವರಿಲ್ಲ. ಅವರ ಮನೆ ನಾಲ್ಕನೆಯ ಮಹಡಿ, ಹತ್ಸುಯೆಯ ನೆತ್ತಿಯ ಮೇಲೇ. ಅವರ ಹೆಜ್ಜೆ ಕೇಳಿದರೆ ಇವಳು ಪಾತ್ರೆ ತೊಳೆಯುವುದನ್ನೂ ನಿಲ್ಲಿಸುವಳು.

ಆ ವರ್ಷ, ಪಿತೃಗಳು ಮನೆಗೆ ಬರುವ ಆಗಸ್ಟಿನ ಹಬ್ಬಕ್ಕೆ ಸಾಹೇಬರ ಸಂಸಾರ ಊರಿಗೆ ಹೊರಟಿತು. ಹೊರಡುವ ಮುನ್ನ ಅವರು ಮೂರನೆಯ ಮಿನೆಗೊಯೆಯ ಕ್ಯಾಸೆಟ್ಟನ್ನು ಕೇಜೊ ಕೈಗಿತ್ತು, “ಮೂರನ್ನ ಆಡದೆ ಒಂದನ್ನ ಹೊಗಳ್ತೀಯಲ್ಲ, ಮೊದಲು ಆಡು. ಎರಡನೇ ದಿನಚರಿ ಖಾಲಿ ಇದೆ. ಮೊದಲನೇದು ನಂದು. ಮುಟ್ಟಿದ್ರೆ ನೋಡು” ಎಂದಿದ್ದರು. ಮೂರನೆಯದರಲ್ಲಿ ಮಂತ್ರವಿಲ್ಲ, ಆಟ ಎಲ್ಲಿಗೆ ನಿಂತಿತೆಂಬುದು ಕ್ಯಾಸೆಟ್ಟಿನೊಳಗಿನ ದಿನಚರಿಯಲ್ಲೇ ಬರೆದಿರುತ್ತದೆ. ಕೇಜೊನ ಕರ್ಮ, ಮರುದಿನವೇ ಓಕಾಯಾಮಾದ ಕಾರ್ಖಾನೆಯ ಯಂತ್ರ ರಿಪೇರಿಗೆ ಹತ್ತು ದಿನ ಹೋಗಬೇಕಾಯಿತು. ಕ್ಯಾಸೆಟ್ಟನ್ನು ಬೀರುವಿನಲ್ಲಿಟ್ಟು, “ನಾನು ಬರೋವರೆಗೂ ಅದನ್ನ ಮುಟ್ಟಬೇಡ” ಎಂದು ಹೋದ.

ಇನ್ನೊಂದು ಸಂಗತಿ ಹೇಳದಿದ್ದರೆ ಕಥೆ ನಿಲ್ಲುವುದಿಲ್ಲ. ಆ ಶರತ್ಕಾಲಕ್ಕೆ ಕೇಜೊನ ವಿಭಾಗದಿಂದ ಒಬ್ಬನನ್ನು ಉತ್ತರದ ಹಿಮದೂರು ಕುಶಿರೊಗೆ ಮೂರು ವರ್ಷ ಕಳಿಸುವುದಿತ್ತು. ಒಬ್ಬನೇ ಹೋಗಬೇಕು, ಹೆಂಡತಿ ಇಲ್ಲೇ. ಹೆಸರು ಬರೆಯುವ ಕೈ ಅರಿಮುರಾ ಸಾಹೇಬರದು. ಗಂಡ ಹತ್ತು ದಿನ ಇಲ್ಲ ಎಂದಾಗಲೇ ಹತ್ಸುಯೆ ಬಾಗಿಲಿಗೆ ಎರಡು ಚಿಲಕದ ಜೊತೆ ಅಕ್ಕಿಯ ಮೂಟೆ ಆನಿಸಿದ್ದಳು. ಮೂರು ವರ್ಷವೆಂದರೆ ಅವಳು ಉಳಿಯುತ್ತಾಳೆಂಬ ನಂಬಿಕೆ ನನಗಿರಲಿಲ್ಲ.

ಹೀಗಿರುವಾಗ ತಪ್ಪು ನನ್ನದೇ. ಎರಡನೆಯ ದಿನ ಬೆಳಿಗ್ಗೆ ತಣ್ಣನೆಯ ಬಾರ್ಲಿ ಚಹಾ ಕುಡಿಯುತ್ತ ಕೂತಿದ್ದೆವು. “ಕಿನಕ್ಕಾ, ಒಂದ್ರಲ್ಲಿ ಆ ಛತ್ರದ ಮುದುಕಿ ಇದ್ಲಲ್ಲ, ಮೂರ್ರಲ್ಲಿ ಅವಳ ಮಗಳಿದಾಳಂತೆ” ಎಂದಳು ಹತ್ಸುಯೆ.

“ನೋಡೇಬಿಡೋಣ ಕಣೆ. ನೋಡಿದ್ರೆ ಸವೆದುಹೋಗತ್ತಾ?”

“ಅಯ್ಯೋ, ಸಾಹೇಬ್ರದ್ದು!”

“ಸಾಹೇಬ್ರು ತಾತನ ಸಮಾಧಿ ತೊಳೀತಿದಾರೆ. ತೆಗಿ.”

ತೆಗೆದಳು. ಹಾಕಿದಳು. ಮೊದಲನೆಯ ದಿನಚರಿ: ಸೇಕಿಚಿ, ಮೂವತ್ತೆಂಟನೆಯ ಮೆಟ್ಟಿಲು. ತೆರೆದರೆ ಒಬ್ಬನಲ್ಲ, ನಾಲ್ವರು ಸಾಲಾಗಿ ನಡೆಯುತ್ತಾರೆ: ಸೇಕಿಚಿ, ಒರೊಕು, ಬಂತಾ, ಮುಮೆ. ಕೈ ಸುಮ್ಮನಿರದೆ ಹತ್ಸುಯೆ ನಾಲ್ಕೂ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡಳು. ಮುದುಕಿಯ ಮಗಳನ್ನು ನೋಡಿದೆವು. ತಾಯಿಯಷ್ಟು ಚೆಲುವೆಯಲ್ಲ ಎಂದು ನಾನೆಂದೆ. ಹತ್ಸುಯೆ ಎಂದಿನಂತೆ ಗುಂಡಿ ಎಳೆದು ಆರಿಸಿದಳು.

“ಮೊದಲಿನ ಹಾಡು ಚೆನ್ನಾಗಿತ್ತು, ಇನ್ನೊಂದ್ಸಲ ಹಾಕೆ” ಎಂದೆ.

ಹಾಕಿದಳು. ಹಾಡು ಬರಲಿಲ್ಲ. ಕಪ್ಪು ಪರದೆಯಲ್ಲಿ ಗಂಟಲು ಕಟ್ಟಿದ ನಾಯಿ ಗುರುಗುಟ್ಟಿದ ಹಾಗೆ ಮೂರು ಸ್ವರ. ಆಮೇಲೆ ಬಿಳಿ ಅಕ್ಷರ ಒಂದೊಂದಾಗಿ ಮೂಡಿತು: ಮೊದಲನೆಯ ದಿನಚರಿ ಅಳಿಸಿಹೋಗಿದೆ.

ಹತ್ಸುಯೆ ಕಿರುಚಲಿಲ್ಲ. ಅದೇ ನನಗೆ ಭಯವಾದದ್ದು. ಜಿರಳೆಗೆ ಮೂರು ಮಹಡಿ ಕೇಳುವಂತೆ ಕಿರುಚುವವಳು ಈಗ ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದಳು, ಅಷ್ಟೆ. ಕ್ಯಾಸೆಟ್ಟನ್ನು ಕಿತ್ತು ತಿರುಗಿಸಿದರೆ ಬೆನ್ನಮೇಲೆ ಸಾಸಿವೆಯಷ್ಟು ಅಕ್ಷರ: ಆರಿಸುವ ಮುನ್ನ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿಯಿರಿ.

“ಒಂದ್ರಲ್ಲಿ ಹಾಗೇ ಆರಿಸ್ತಿದ್ವಿ ಕಿನಕ್ಕಾ” ಎಂದಳು, ದನಿ ಎಲ್ಲಿಂದಲೋ ಬಂದ ಹಾಗೆ. “ಒಂದ್ರಲ್ಲಿ ಎಲ್ಲಾ ಕಾಗದದ ಮೇಲಿತ್ತು. ಪೆಟ್ಟಿಗೇಲಿ ಏನೂ ಇರ್ತಿರ್ಲಿಲ್ಲ. ಇದ್ರಲ್ಲಿ ಪೆಟ್ಟಿಗೇಲೇ ಎಲ್ಲಾ ಇತ್ತು.” ಆಮೇಲೆ, “ಕುಶಿರೊ” ಎಂದಳು.

ಸಾಹೇಬರು ಬರುವುದು ಹತ್ತೊಂಬತ್ತನೆಯ ತಾರೀಕಿಗೆ. ಅಂದು ಹನ್ನೊಂದು. ಓಡಿಹೋಗೋಣವೆಂದಳು, ಎಲ್ಲಿಗೆಂದೆ. ಹೊಸದು ತಂದಿಡೋಣವೆಂದಳು, ಅದರಲ್ಲಿ ಸೇಕಿಚಿ ಎಲ್ಲಿರ್ತಾನೆ ಎಂದೆ. ಸಂಜೆ ಏಳಕ್ಕೆ ಕೇಜೊನ ಫೋನು ಬಂತು. “ಎಲ್ಲಾ ಸರಿ ಇದೆ” ಎಂದು ಹತ್ಸುಯೆ ಗೋಡೆಗೆ ಬಗ್ಗಿ ನಮಸ್ಕರಿಸುತ್ತ ಹೇಳಿದಳು. ಮದುವೆಯಾದ ಮೇಲೆ ಅವಳು ಹೇಳಿದ ಮೊದಲ ಸುಳ್ಳು. ಇಟ್ಟ ಮೇಲೆ ಫೋನಿನ ಮೇಲೆ ಟವೆಲು ಮುಚ್ಚಿದಳು, ಅದು ನೋಡುತ್ತಿದೆಯೋ ಎಂಬಂತೆ.

ಮರುದಿನ ಬೆಳಿಗ್ಗೆ ಎದುರು ಬಾಗಿಲಿನಿಂದ ಆಟದ ಹಾಡು ಕೇಳಿಸಿತು. ಹೋಗಿ ನೋಡಿದರೆ ಕಿಟಕಿಯ ಪರದೆ ಎಳೆದು, ಟಿವಿಯ ಮುಂದೆ ಮೊಣಕಾಲೂರಿ ಕೂತಿದ್ದಾಳೆ. ಸೇಕಿಚಿ, ಮೊದಲ ಮೆಟ್ಟಿಲು. ಅವಳು ಒತ್ತಿದಾಗಲೆಲ್ಲ ಸೇಕಿಚಿ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ.

“ಮೂವತ್ತೆಂಟಕ್ಕೆ ಹತ್ತಿಸ್ತೀನಿ” ಎಂದಳು.

“ಊರಾಚೆ ಹೋಗದವಳು ನೀನು!”

“ಹೋಗಲ್ಲ ಅಂದ್ರೆ ನಮ್ಮೋರು ಕುಶಿರೊಗೆ ಹೋಗ್ತಾರೆ.”

ಆ ದಿನಗಳನ್ನು ಹೇಗೆ ಹೇಳಲಿ! ಮನೆಯೊಳಗೆ ಸೆಕೆ, ಹೊರಗೆ ಜೀರುಂಡೆಗಳ ಕೂಗು, ಇವಳು ಭೂತ ಎದುರಾದಾಗಲೆಲ್ಲ “ತಪ್ಪಾಯ್ತು, ತಪ್ಪಾಯ್ತು” ಎನ್ನುತ್ತಲೇ ಕತ್ತಿ ಬೀಸುವಳು. ನಾನು ಅನ್ನದುಂಡೆ ಮಾಡಿ ಬಾಯಿಗಿಡುವುದು, ಮೆಟ್ಟಿಲ ಸದ್ದಿಗೆ ಕಿವಿಗೊಡುವುದು. ಯಾರ ಹೆಜ್ಜೆ ಕೇಳಿದರೂ ಇಬ್ಬರೂ ಉಸಿರು ಹಿಡಿಯುತ್ತಿದ್ದೆವು. ನೀರಿನ ಮೀಟರು ನೋಡುವವನು ಗಂಟೆ ಬಾರಿಸಿದಾಗ ಹತ್ಸುಯೆ ಹಾಸಿಗೆಯ ಬೀರುವಿನೊಳಗೆ ಹೊಕ್ಕಿದ್ದಳು.

“ಅಮ್ಮ, ಯಾರೂ ಇಲ್ವಾ?” ಎಂದನವನು.

“ಇಲ್ಲ!” ಎಂದಿತು ಬೀರು.

ಬಿಡುವಿನಲ್ಲಿ ಅವಳು ಮಾತಾಡಿದರೆ ಮೂರು ಆಟಗಳ ಮಾತೇ. “ಒಂದ್ರಲ್ಲಿ ಲಾಂದ್ರದ ಎಣ್ಣೆ ಮುಗಿದ್ರೆ ಕಾಲಬುಡದ ಒಂದೇ ಒಂದು ಕಲ್ಲು ಕಾಣ್ಸತ್ತೆ. ಒಬ್ಬನೇ ಸಾಯ್ತಾನೆ, ಮುಗೀತು. ಎರಡ್ರಲ್ಲಿ ಮೂರು ಜನಕ್ಕೆ ಒಂದೇ ಲಾಂದ್ರ. ಹಿಂದಿನವಳು ಬಂದ್ಲಾ ಇಲ್ವಾ ಅಂತ ನೋಡೋದ್ರಲ್ಲೇ ಜೀವ ಹೋಗತ್ತೆ. ನಮ್ಮೋರು ಎರಡನ್ನ ಅರ್ಧಕ್ಕೇ ಬಿಟ್ರು, ಸಹಿಸಕ್ಕಾಗ್ಲಿಲ್ಲ ಅವರ ಕೈಲಿ. ಮೂರ್ರಲ್ಲಿ ನಾಲ್ಕು ಜನಕ್ಕೂ ಒಂದೊಂದು ಲಾಂದ್ರ, ಭೂತ ದೂರದಿಂದ್ಲೇ ಕಾಣ್ಸತ್ತೆ. ಹೆದರಿಕೆ ಕಮ್ಮಿ ಅಂತಾರೆ ಗಂಡಸರು. ನಂಗೆ ಇದೇ ಜಾಸ್ತಿ. ಕಾಣ್ದೇ ಇದ್ದಿದ್ದೇ ವಾಸಿ ಇತ್ತು.”

ಅವಳ ಆಟದ ರೀತಿಯೂ ಅವಳದೇ. ನಾಲ್ಕು ಹೆಜ್ಜೆ ಮುಂದೆ, ಮೂರು ಹೆಜ್ಜೆ ಹಿಂದೆ. ಗುಹೆಯೊಳಗೆ ಹೋದರೆ ಎಡಗೋಡೆಯನ್ನು ಬಿಡುವುದಿಲ್ಲ. ಪಶ್ಚಿಮದ ಬಂದರಿನಲ್ಲಿ ಎಲ್ಲರೂ ದೋಣಿ ಹತ್ತಬೇಕು. ನಡುಗಡಲಲ್ಲಿ ದೋಣಿ ನುಂಗುವ ಪ್ರಾಣಿಯೊಂದಿದೆ, ಅದನ್ನು ಗೆಲ್ಲಬೇಕು ಎಂದು ಆಟದ ಊರಿನವರೆಲ್ಲ ಹೇಳುತ್ತಾರೆ. ಇವಳು ಹತ್ತಲಿಲ್ಲ. “ನೀರು ನಂಗಾಗಲ್ಲ” ಎಂದು ಮಧ್ಯಾಹ್ನವೆಲ್ಲ ದಡದ ಬಂಡೆಗಳನ್ನು ಒಂದೊಂದಾಗಿ ಸವರುತ್ತ ಹೋದಳು. ನಾನು ತೂಕಡಿಸಿ ಎದ್ದಾಗ ನಾಲ್ವರೂ ಬಂಡೆಯೊಳಗೆ ಮಾಯವಾಗಿದ್ದರು. ಒಳಗೆ ಉಪ್ಪಿನ ಗುಹೆ. ಆಚೆ ಬದಿಗೆ ಹೊರಬಿದ್ದರೆ ಕಡಲು ಹಿಂದೆ.

ಹದಿನಾರಕ್ಕೆ ಫೂಜಿ ಬೆಟ್ಟದ ಕಡೆ ಮೋಡ ಕಪ್ಪಾಯಿತು. ಎಲ್ಲೋ ಗುಡುಗಿದಂತಾಯಿತು, ನನಗೆ ಸರಿಯಾಗಿ ಕೇಳಿಸಲೂ ಇಲ್ಲ. ಹತ್ಸುಯೆ ಆಟದ ಛತ್ರಕ್ಕೆ ಓಡಿ ದಿನಚರಿ ಬರೆಸಿ, ರೀಸೆಟ್ ಒತ್ತಿ ಹಿಡಿದು ಆರಿಸಿ, ಕ್ಯಾಸೆಟ್ಟನ್ನು ಎದೆಗೊತ್ತಿಕೊಂಡು ಮೇಜಿನಡಿ ಕೂತಳು.

“ಥೂ ಪುಕ್ಕಲಿ, ಇನ್ನೆರಡು ಮೆಟ್ಟಿಲು ಹತ್ತಬೋದಿತ್ತು” ಎಂದು ಬೈಯುತ್ತಿದ್ದೆ, ಇಡೀ ವಸತಿಯ ಕರೆಂಟು ಹೋಯಿತು. ಆಡುತ್ತಿದ್ದರೆ ಆ ಮೂರು ಸ್ವರ ಮತ್ತೆ ಕೇಳಬೇಕಿತ್ತು. ನಾನೂ ಮೇಜಿನಡಿ ಅವಳ ಪಕ್ಕ ಹೋಗಿ ಕೂತೆ.

ಹದಿನೆಂಟರ ಬೆಳಿಗ್ಗೆ ಹತ್ತು ಗಂಟೆ. ಸೇಕಿಚಿ ಇಪ್ಪತ್ತೊಂದನೆಯ ಮೆಟ್ಟಿಲಲ್ಲಿದ್ದ. ಆಗ ನೆತ್ತಿಯ ಮೇಲೆ ಧಪ್ ಎಂದು ಪೆಟ್ಟಿಗೆ ಇಳಿಸಿದ ಸದ್ದು. ಆಮೇಲೆ ಹೆಜ್ಜೆ. ಭಾರದ, ನಿಧಾನದ ಹೆಜ್ಜೆ.

ಒಂದು ದಿನ ಮೊದಲೇ ಬಂದುಬಿಟ್ಟಿದ್ದರು.

ಹತ್ಸುಯೆಯ ಮುಖ ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. “ಕೇಜೊ ನಾಳಿದ್ದು ಬರ್ತಾನೆ, ಅಲ್ಲಿವರೆಗೂ ಕ್ಯಾಸೆಟ್ ಅವನ ಹತ್ರಾನೇ ಇದೆ ಅನ್ನು” ಎಂದು ನಾನು ಕಿವಿಯಲ್ಲಿ ಹೇಳಿಕೊಟ್ಟೆ. “ಎರಡು ದಿನ ಸಿಗತ್ತೆ.”

“ಎರಡು ದಿನಕ್ಕೆ ಇಪ್ಪತ್ತೊಂದು ಮೂವತ್ತೆಂಟಾಗಲ್ಲ” ಎಂದಳು. “ನಮ್ಮೋರು ಬಂದ ಮೇಲೆ ಗೊತ್ತಾದ್ರೆ ಅವರೇ ಮಾಡಿದ್ದು ಅಂತಾಗತ್ತೆ. ಈಗ ಹೇಳಿದ್ರೆ ನಾನು ಮಾಡಿದ್ದು ಅಂತಾದ್ರೂ ಆಗತ್ತೆ.”

ಎದ್ದಳು, ಕೂತಳು, ಮತ್ತೆ ಎದ್ದಳು. ಕ್ಯಾಸೆಟ್ಟನ್ನು ರೇಷ್ಮೆಯ ವಸ್ತ್ರದಲ್ಲಿ ಸುತ್ತಿದಳು, ಸತ್ತವರ ಅಸ್ಥಿ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಳು. ಹದಿನಾರು ಮೆಟ್ಟಿಲು ಹತ್ತಲು ನಾವು ಕಾಲು ಗಂಟೆ ತೆಗೆದುಕೊಂಡೆವು. ನಡುವೆ ಎರಡು ಸಲ ಅವಳು ಗೋಡೆ ಹಿಡಿದು ನಿಂತಳು. ಗಂಟೆಯನ್ನು ನಾನೇ ಒತ್ತಬೇಕಾಯಿತು.

ಬಾಗಿಲು ತೆರೆದವರು ಸಾಹೇಬರೇ, ಬನಿಯನ್ನಿನಲ್ಲಿ. ಹತ್ಸುಯೆ ಹೊಸ್ತಿಲಾಚೆಯ ಸಿಮೆಂಟಿನ ಮೇಲೆ ಮೊಣಕಾಲೂರಿ ಹಣೆ ನೆಲಕ್ಕೆ ಮುಟ್ಟಿಸಿದಳು.

“ಅಳಿಸಿಬಿಟ್ಟೆ. ನಾನೇ. ನಮ್ಮೋರು ಊರಲ್ಲಿ ಇರ್ಲಿಲ್ಲ. ನಾನೇ.”

ಸಾಹೇಬರು ವಸ್ತ್ರ ಬಿಚ್ಚಿ ನೋಡಿದರು. ಒಳಗೆ ಹೋದರು. ಟಿವಿ ಹಚ್ಚಿದ ಸದ್ದು. ಅವರ ಹೆಂಡತಿ ಬಂದು, “ಅಯ್ಯೋ ಏಳಿ, ಸಿಮೆಂಟು ಸುಡತ್ತೆ” ಎಂದರೂ ಇವಳು ಏಳಲಿಲ್ಲ. ನನ್ನ ಬೆನ್ನಿನ ಮೇಲೆ ಬೆವರು ಇಳಿಯುವುದು ನನಗೇ ಗೊತ್ತಾಗುತ್ತಿತ್ತು.

“ಇದ್ಯಾರು ಇಪ್ಪತ್ತೊಂದು?” ಎಂದು ಒಳಗಿನಿಂದ ಗುಡುಗು.

“ನಾನು” ಎಂದಳು ಸಿಮೆಂಟಿಗೆ.

“ಹೆಸರುಗಳು?”

“ಬರ್ಕೊಂಡಿದ್ದೆ.”

“ಎಷ್ಟು ದಿನ?”

“ಆರೂವರೆ ದಿನ. ತಪ್ಪಾಯ್ತು.”

ಸಾಹೇಬರು ಬಾಗಿಲಿಗೆ ಬಂದರು. “ಆರೂವರೆ ದಿನದಲ್ಲಿ ಕಡಲಾಚೆ? ನಂಗೆ ಆ ದೋಣಿ ದಾಟೋಕೇ ಎರಡು ತಿಂಗಳು ಹಿಡೀತು. ಹದಿನೇಳು ಸಲ ಮುಳುಗಿದೀನಿ.”

“ದೋಣಿ ಹತ್ಲಿಲ್ಲ. ಹೆದರಿಕೆಯಾಯ್ತು. ನಡ್ಕೊಂಡು ಹೋದೆ.”

“ನಡ್ಕೊಂಡು ಹೋಗೋಕೆ ದಾರಿಯೇ ಇಲ್ಲ.”

“ಇದೆ” ಎಂದಳು ಹತ್ಸುಯೆ. ಆ ಸಾಹೇಬರ ಮಾತಿಗೆ ಎದುರು ಮಾತಾಡಿದವರು ಕಾರ್ಖಾನೆಯಲ್ಲಿ ಇದ್ದಾರೆಂದು ನಾನು ಕೇಳಿಲ್ಲ. ಹೇಳಿದ ಮರುಕ್ಷಣ ಅವಳೇ ಬೆಚ್ಚಿ ಮತ್ತೆ ಹಣೆ ಊರಿದಳು.

“ನೋಡಿ, ನಂಗೆ ಸಿಟ್ಟು ಬಂದಿದೆ” ಎಂದರು ಸಾಹೇಬರು. “ಮೂವತ್ತೆಂಟು ಅಂದ್ರೆ ಮೂವತ್ತೆಂಟೇ. ಅದು ವಾಪಸ್ ಬರಲ್ಲ. ಎಲೆ ಉದುರೋವರೆಗೂ ಈ ಸಿಟ್ಟು ಹೋಗಲ್ಲ, ಈಗ್ಲೇ ಹೇಳಿರ್ತೀನಿ.”

“ಕುಶಿರೊ...” ಎಂದಳು ಹತ್ಸುಯೆ, ಇರುವೆಯ ದನಿಯಲ್ಲಿ.

“ಕುಶಿರೊ ಏನು?”

“ಅವರ ಹೆಸರು...”

ಸಾಹೇಬರು ಒಂದು ಗಳಿಗೆ ಅವಳನ್ನು, ಒಂದು ಗಳಿಗೆ ನನ್ನನ್ನು ನೋಡಿದರು. “ಆಟದ ಸಿಟ್ಟಿಗೆ ಮನುಷ್ಯನ್ನ ಹಿಮಕ್ಕೆ ಅಟ್ಟೋ ರಾಕ್ಷಸ ಅಂದ್ಕೊಂಡಿದೀರಾ ನನ್ನ?”

ಒಳಗೆ ಅವರ ಹೆಂಡತಿ ಬಾಯಿಗೆ ಸೆರಗಿನಂತೆ ಏಪ್ರನ್ನು ಒತ್ತಿ ನಕ್ಕರು. “ಅಂದ್ಕೊಂಡಿದಾರೆ ರೀ. ಇಡೀ ವಸತೀನೇ ಅಂದ್ಕೊಂಡಿದೆ.”

ಸಾಹೇಬರ ಕಿವಿ ಕೆಂಪಾಯಿತು. “ಆ ಹೆಸರು ಜೂನ್‌ನಲ್ಲೇ ಕೊಟ್ಟಾಯ್ತು. ಮದುವೆಯಾಗದೋನು, ಅವನೇ ಕೇಳ್ಕೊಂಡ” ಎಂದು ಗೊಣಗಿ, ಟಿವಿಯ ಮುಂದೆ ತಾವು ಕೂತಿದ್ದ ದಿಂಬನ್ನು ಪಕ್ಕಕ್ಕೆ ಸರಿಸಿದರು. “ಬನ್ನಿ ಒಳಗೆ. ಎಲ್ಲಿದೆ ತೋರ್ಸಿ ಆ ದಾರಿ.”

ಹತ್ಸುಯೆ ಏಳಲು ನೋಡಿದಳು, ಕಾಲು ಜೋಮುಹಿಡಿದಿತ್ತು. ನಾನೂ ಸಾಹೇಬರ ಹೆಂಡತಿಯೂ ಆಚೆ ಈಚೆ ಹಿಡಿದು ಕೂರಿಸಿದೆವು. ಪರದೆಯಲ್ಲಿ ನಾಲ್ವರೂ ದಡಕ್ಕೆ ಬಂದರು, ಎಡಗಡೆಯ ಬಂಡೆಯನ್ನು ಸವರುತ್ತ ನಡೆದರು, ಬಂಡೆಯೊಳಗೆ ಹೊಕ್ಕರು. ಕತ್ತಲು. ನಾಲ್ಕು ಲಾಂದ್ರಗಳ ಬೆಳಕು.

“ನಿಲ್ಲಿ ನಿಲ್ಲಿ, ಅಲ್ಲೇನೋ ಅಲ್ಲಾಡ್ತಿದೆ!” ಎಂದು ಸಾಹೇಬರು ದಿಂಬು ಹಿಡಿದು ಹಿಂದೆ ಸರಿದರು.

“ಹೂಂ, ಇದೆ” ಎಂದಳು ಹತ್ಸುಯೆ. “ಈಗ ಮೂರು ಹೆಜ್ಜೆ ಹಿಂದೆ ಬರ್ಬೇಕು.”