ಬಿ ಸೈಡಿನಲ್ಲಿದ್ದ ತಾತ

ಬೇಸಿಗೆಯಲ್ಲಿ ಮಾವಿನಹಣ್ಣಿಗಿಂತ ಮೊದಲು ಮನೆಗೆ ಕ್ಯಾಸೆಟ್ಟು ಬರುತ್ತಿದ್ದ ಕಾಲ ಅದು. ತೊಂಬತ್ತರ ದಶಕದ ಮಾತು. ತುಮಕೂರಿನಲ್ಲಿ ನನ್ನ ಪರೀಕ್ಷೆ ಮುಗಿದದ್ದೇ ತಡ, ಅಮ್ಮ ನನ್ನನ್ನು ಚೇಳೂರಿನ ಅಜ್ಜಿ ಮನೆಗೆ ಸಾಗಹಾಕುತ್ತಿದ್ದಳು. ಕರೆದುಕೊಂಡು ಹೋಗಲು ಬರುತ್ತಿದ್ದವನು ಲೋಕೇಶ ಮಾವ, ಅಮ್ಮನ ತಮ್ಮ. ಅವನಿಗೆ ಕುಣಿಗಲ್ ತಾಲ್ಲೂಕು ಆಫೀಸಿನಲ್ಲಿ ಕೆಲಸ. ವಾರವೆಲ್ಲ ಅಲ್ಲೇ ಬಾಡಿಗೆ ರೂಮು, ರಜಾ ಬಂದರೆ ಚೇಳೂರು. ಗುಬ್ಬಿಯಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಚೇಳೂರಿನ ಬಸ್ಸು ಕಣ್ಣೆದುರೇ ನಿಂತಿದ್ದರೂ ಮಾವ ಹತ್ತುತ್ತಿರಲಿಲ್ಲ. ನನ್ನ ಕೈ ಹಿಡಿದುಕೊಂಡು ಸೀದಾ ಬಾಬಣ್ಣನ ಕ್ಯಾಸೆಟ್ಟಿನ ಅಂಗಡಿಗೆ ನಡೆಯುತ್ತಿದ್ದ.

ಇಬ್ಬರು ಒಳಗೆ ನಿಂತರೆ ಮೂರನೆಯವರು ರಸ್ತೆಯಲ್ಲೇ ನಿಲ್ಲಬೇಕಾದಂಥ ಅಂಗಡಿ ಅದು. ಆದರೆ ನೆಲದಿಂದ ಸೂರಿನವರೆಗೆ ಬರೀ ಕ್ಯಾಸೆಟ್ಟು. ಊದುಬತ್ತಿಯ ಘಮ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಎರಡೂ ಕಲೆತು ತಲೆಗೆ ಏರುತ್ತಿತ್ತು. ನಾನು ಕತ್ತು ನೋಯುವವರೆಗೆ ಮೇಲೆ ನೋಡುತ್ತಾ ನಿಲ್ಲುತ್ತಿದ್ದೆ. ಅಷ್ಟೂ ಡಬ್ಬಿಗಳೊಳಗೆ ಜನ ಕೂತಿದ್ದಾರೆ, ಹಾಡುವವರು, ತಬಲಾ ಬಾರಿಸುವವರು, ನಗುವವರು, ಅಳುವವರು, ಎಲ್ಲರೂ ತಮ್ಮ ಸರದಿ ಬರಲಿ ಎಂದು ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದಾರೆ ಎಂದೇ ನನ್ನ ನಂಬಿಕೆ. ದೇವಸ್ಥಾನದಲ್ಲೂ ನನಗೆ ಅಷ್ಟು ಭಯಭಕ್ತಿ ಹುಟ್ಟಿದ್ದಿಲ್ಲ.

ಬಾಬಣ್ಣ ಯಾವ ಕ್ಯಾಸೆಟ್ಟು ಬೇಕು ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಡಾಕ್ಟರ ಥರ ಕನ್ನಡಕ ಏರಿಸಿಕೊಂಡು, ಮನೇಲಿ ಯಾರ್ಯಾರಿದೀರಿ ಎಂದು ಶುರು ಮಾಡುತ್ತಿದ್ದ. ಈ ಬೇಸಿಗೆ ಮನೆಯಲ್ಲಿ ಏನು ಕೆಲಸ ಹಿಡಿದಿದ್ದಾರೆ, ಮಧ್ಯಾಹ್ನ ಯಾರು ಮಲಗುತ್ತಾರೆ, ಕರೆಂಟಿನಲ್ಲಿ ಕೇಳುತ್ತೀರೋ ಸೆಲ್ಲಿನಲ್ಲೋ, ಎಲ್ಲ ವಿಚಾರಿಸಿಕೊಂಡು ಎರಡು ಕ್ಯಾಸೆಟ್ಟು ತೆಗೆದಿಡುತ್ತಿದ್ದ. ಒಂದು ಆ ವರ್ಷ ಬಂದ ಹೊಸದು, ಇನ್ನೊಂದು ಹಳೆಯದು. ಸಂಡಿಗೆ ಒಣಹಾಕುವ ಮನೆಗೆ ಜೋರು ಸಿನಿಮಾ ಹಾಡು, ಕಾಗೆಯೂ ಬರಬಾರದು, ಕಾಯುವ ಮಕ್ಕಳೂ ತೂಕಡಿಸಬಾರದು. ಬಾಣಂತಿ ಇರುವ ಮನೆಗೆ ಡೋಲು ತಮಟೆ ಇಲ್ಲದ ಭಾವಗೀತೆ. ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಎಂದು ಸುಳಿವು ಸಿಕ್ಕರೆ ಹರಿಕಥೆಯ ಹಳೇ ಕ್ಯಾಸೆಟ್ಟು. ಇಬ್ಬರೂ ಒಂದೇ ಕಡೆ ನಕ್ಕೇ ನಗುತ್ತಾರೆ, ಆಮೇಲೆ ಮಾತಾಡದೆ ಏನು ಮಾಡುತ್ತಾರೆ ಎನ್ನುತ್ತಿದ್ದ. ಅವನು ಕೊಟ್ಟದ್ದನ್ನು ಬೇಡ ಎಂದವರನ್ನು ನಾನು ನೋಡಿಲ್ಲ.

ಅಜ್ಜಿ ಮನೆಯಲ್ಲಿ ಹೊಸ ಕ್ಯಾಸೆಟ್ಟಿಗೆ ಮರ್ಯಾದೆ ಜಾಸ್ತಿ. ಮೊದಲು ದೇವರ ಮುಂದೆ ಇಡಬೇಕು. ಅಜ್ಜಿ ಕವರಿನ ಮೇಲೆ ಕುಂಕುಮ ಇಡುತ್ತಿದ್ದಳು. ಒಂದು ವರ್ಷ ಕ್ಯಾಸೆಟ್ಟಿಗೇ ವಿಭೂತಿ ಬಳಿದು, ಅದು ಮಿಷನ್ನಿನೊಳಗೆ ಉದುರಿ, ಹಾಡುವ ಹೆಂಗಸಿಗೆ ನೆಗಡಿ ಹಿಡಿದಂತಾಗಿತ್ತು. ಅಲ್ಲಿಂದೀಚೆಗೆ ಕವರಿಗೆ ಮಾತ್ರ. ಮಧ್ಯಾಹ್ನ ಊಟವಾದ ಮೇಲೆ ಮಾವನ ಟೂ ಇನ್ ಒನ್, ರೇಡಿಯೋ ಟೇಪು ಎರಡೂ ಇದ್ದ ಮಿಷನ್ನು, ಜಗಲಿಗೆ ಬರುತ್ತಿತ್ತು. ಅಕ್ಕಪಕ್ಕದವರು ಹುಣಸೆಹಣ್ಣಿನ ಮಂಕರಿ ಹೊತ್ತು ಬಂದು ಕೂರುತ್ತಿದ್ದರು. ಕೈಯಲ್ಲಿ ಬೀಜ ಬಿಡಿಸುವ ಕೆಲಸ, ಕಿವಿ ಹಾಡಿನಲ್ಲಿ. ನಮಗೆ ಮಕ್ಕಳಿಗೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಹಾಡು ಮುಗಿಯುವವರೆಗೆ ಎದ್ದು ಓಡಬಾರದು ಎಂಬ ಲಂಚ. ಸೆಲ್ಲು ಇಳಿದರೆ ಹಾಡುವವರಿಗೆ ನಿದ್ದೆ ಬಂದಂತಾಗುತ್ತಿತ್ತು. ಆಗ ಸೆಲ್ಲುಗಳನ್ನು ತೆಗೆದು ಹಪ್ಪಳದ ಪಕ್ಕ ಬಿಸಿಲಿಗೆ ಇಡುವುದು ನನ್ನ ಕೆಲಸ. ಬಿಸಿಲು ಕುಡಿದ ಸೆಲ್ಲು ಮತ್ತೆ ಹಾಡುತ್ತಿತ್ತು. ಅದನ್ನು ನೋಡಿ ನಾನು ಬೆರಗಾಗದ ದಿನವಿಲ್ಲ.

ಆ ಬೇಸಿಗೆ ಬಾಬಣ್ಣ ಕೊಟ್ಟ ಹಳೆಯದು ಪೌರಾಣಿಕ ನಾಟಕದ ಹಾಡುಗಳ ಕ್ಯಾಸೆಟ್ಟು. ಹಾಡು ಶುರುವಾಗುವ ಮುಂಚೆ ಹಾರ್ಮೋನಿಯಂ ಎದ್ದಿತು. ಅಜ್ಜಿಯ ಕೈ ಹುಣಸೆಹಣ್ಣಿನ ಮೇಲೆಯೇ ನಿಂತುಬಿಟ್ಟಿತು. ನಮ್ಮ ತಾತ ಹಾರ್ಮೋನಿಯಂ ಮೇಷ್ಟ್ರು. ಸುತ್ತಲಿನ ಹಳ್ಳಿಗಳಲ್ಲಿ ಯಾರು ನಾಟಕ ಆಡಿದರೂ ಅವರಿಗೆ ತಿಂಗಳುಗಟ್ಟಲೆ ಹಾಡು ಕಲಿಸಿ, ಆಟದ ದಿನ ರಂಗದ ಮುಂದೆ ಕೂತು ನುಡಿಸುತ್ತಿದ್ದವರು. ನಾನು ಕೈಗೂಸಾಗಿದ್ದಾಗಲೇ ತೀರಿಕೊಂಡರು. ಅವರ ಹಾರ್ಮೋನಿಯಂ ಅಟ್ಟದ ಮೇಲೆ ಹಳೇ ಪಂಚೆ ಸುತ್ತಿಕೊಂಡು ಮಲಗಿತ್ತು.

ಎಲ್ಲರೂ ಎದ್ದು ಹೋದ ಮೇಲೆ ಅಜ್ಜಿ ಗೋಡೆಯ ಮೇಲಿದ್ದ ತಾತನ ಫೋಟೋ ನೋಡುತ್ತಾ ಹೇಳಿದಳು: "ಮೊಕ ಏನೋ ಫೋಟೋದಾಗೈತೆ ಕಣವ್ವ. ದನಿ ಎಲ್ಲೈತೆ? ನೆಪ್ಪು ಮಾಡ್ಕಂತಾನೇ ಇದೀನಿ, ಬರ್ತಾನೇ ಇಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಜೊತೆಯಲ್ಲೇ ಬಾಳಿದವರ ದನಿಯೂ ಮರೆತುಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಆ ಸಂಜೆಯೆಲ್ಲ ಅಮ್ಮನ ದನಿ ನೆನಪಿದೆಯೇ ಎಂದು ಮನಸ್ಸಿನಲ್ಲೇ ಅಮ್ಮನಿಂದ ಬೈಸಿಕೊಂಡು ಪರೀಕ್ಷೆ ಮಾಡಿಕೊಂಡೆ. ಮಾವ ಬಂದಾಗ ಎಲ್ಲ ಹೇಳಿದೆ. ಮುಂದಿನ ಸಂತೆಯ ದಿನ ನಾವಿಬ್ಬರೂ ಗುಬ್ಬಿಗೆ ಹೋಗಿ ಬಾಬಣ್ಣನ ಮುಂದೆ ನಿಂತೆವು.

ಬಾಬಣ್ಣ ಕನ್ನಡಕ ತೆಗೆದು ಒರೆಸಿದ. ಮೇಷ್ಟ್ರ ದನಿ ಒಂದು ಕ್ಯಾಸೆಟ್ಟಿನಲ್ಲಿ ಇದೆ ಎಂದ. ಒಂದು ವರ್ಷ ಚೇಳೂರಿನವರ ನಾಟಕವನ್ನು ಅವನೇ ಮೈಕಿನಿಂದ ರೆಕಾರ್ಡ್ ಮಾಡಿಸಿ ಮಾರಾಟಕ್ಕೆ ಇಟ್ಟಿದ್ದನಂತೆ. ಆದರೆ ಅಂಗಡಿಯಲ್ಲಿ ಒಂದೂ ಉಳಿದಿಲ್ಲ. ಅಷ್ಟನ್ನೂ ದಿನಸಿ ಅಂಗಡಿ ರುದ್ರಣ್ಣ ಕೊಂಡುಕೊಂಡು ಹೋಗಿದ್ದ.

ರುದ್ರಣ್ಣ ಎಂದ ಕೂಡಲೇ ಮಾವನಿಗೆ ನಗು ಬಂತು. ಚೇಳೂರಿನಲ್ಲಿ ರುದ್ರಣ್ಣನನ್ನು ಕಂಡರೆ ಎಲ್ಲರಿಗೂ ನಗು. ಆ ನಾಟಕದಲ್ಲಿ ಅವನದು ದೊರೆಯ ಪಾತ್ರ. ಕಿರೀಟ, ಗದೆ, ಮೀಸೆ ಎಲ್ಲ ಸರಿಯಾಗಿಯೇ ಇತ್ತು. ಎರಡನೆಯ ಅಂಕದ ಹಾಡಿನಲ್ಲಿ ಪದ ಮರೆತು ಕಲ್ಲಿನಂತೆ ನಿಂತುಬಿಟ್ಟ. ಆಗ ಕೆಳಗಿನಿಂದ ಹಾರ್ಮೋನಿಯಂ ಮೇಷ್ಟ್ರು, ಹೆದರಬೇಡ ನಾನಿದೀನಿ ಎಂದು ಹೇಳಿ ಆ ಸಾಲನ್ನು ತಾವೇ ಹಾಡಿದ್ದರು. ಪಾತ್ರಧಾರಿ ಎಡವಿದರೆ ಮೇಷ್ಟ್ರು ದನಿಗೂಡಿಸಿ ದಡ ಮುಟ್ಟಿಸುವುದು ನಮ್ಮ ಕಡೆಯ ನಾಟಕಗಳಲ್ಲಿ ಮಾಮೂಲು. ಆದರೆ ಮೇಷ್ಟ್ರ ಮುಂದೆಯೇ ಮೈಕು ಇದ್ದದ್ದರಿಂದ ಪಿಸುಮಾತು ಇಡೀ ಊರಿಗೆ ಕೇಳಿಸಿತು. ಅಂದಿನಿಂದ ರುದ್ರಣ್ಣ ಸೈಕಲ್ಲು ಹತ್ತಿದರೆ, ತಕ್ಕಡಿ ಹಿಡಿದರೆ, ಯಾರಾದರೊಬ್ಬರು ದಪ್ಪ ದನಿ ತೆಗೆದು ಅದೇ ಮಾತು ಹೇಳುತ್ತಿದ್ದರು. ಕುಂಟೆಬಿಲ್ಲೆ ಆಡುವಾಗ ಯಾರಾದರೂ ವಾಲಿದರೆ ನಾವೂ ಹಾಗೇ ಕೂಗುತ್ತಿದ್ದೆವು. ಅದು ನನ್ನ ತಾತನ ಮಾತು ಎಂದು ಬಾಬಣ್ಣನ ಅಂಗಡಿಯಲ್ಲಿ ನಿಂತಾಗಲೇ ನನಗೆ ತಿಳಿದದ್ದು.

ಊರಿಗೆ ಮರಳಿ ಅವನ ಅಂಗಡಿಗೆ ಹೋದರೆ ರುದ್ರಣ್ಣ ಮೊದಲು ಒಪ್ಪಿಕೊಳ್ಳಲೇ ಇಲ್ಲ. ಯಾವ ಕ್ಯಾಸೆಟ್ಟು, ಎಲ್ಲಿಯ ನಾಟಕ ಎಂದು ಬೆಲ್ಲದ ಅಚ್ಚು ಜೋಡಿಸತೊಡಗಿದ. ನಾವೂ ನಗಾಡಲು ಬಂದಿದ್ದೇವೆ ಎಂದುಕೊಂಡಿರಬೇಕು. ಅಜ್ಜಿ ಹೇಳಿದ ಮಾತನ್ನು ಮಾವ ಹಾಗೇ ಹೇಳಿದ. ರುದ್ರಣ್ಣನ ಕೈ ಬೆಲ್ಲದ ಮೇಲೆ ನಿಂತಿತು.

"ಎಲ್ಲಾದ್ರ ಮ್ಯಾಲೂ ಭಜನೆ ತುಂಬಿಸ್ಬುಟ್ಟೆ ಕಣೋ ಲೋಕೇಶ. ಒಂದ್ ಮಾತ್ರ ಮಡಿಕಂಡಿದೀನಿ. ಎ ಸೈಡಲ್ಲಿ ಚೆನ್ನಾಗೇ ಹಾಡಿದೀನಿ, ಅದುಕ್ಕೆ."

ಮಾರನೆಯ ದಿನ ಮಧ್ಯಾಹ್ನ ಅವನೇ ಬಂದ. ಒಗೆದ ಶರ್ಟು, ಕಂಕುಳಲ್ಲಿ ತನ್ನದೇ ಟೇಪ್ ರೆಕಾರ್ಡರು, ಜೇಬಿನಲ್ಲಿ ಕ್ಯಾಸೆಟ್ಟು. ಜಗಲಿಯಲ್ಲಿ ಎಂದಿನ ಜನವೆಲ್ಲ ಕೂತಿತ್ತು. ತನ್ನ ಮರ್ಯಾದೆ ಹೋದ ಗಳಿಗೆಯನ್ನು ತಾನೇ ಹೊತ್ತು ತಂದು ಎಲ್ಲರೆದುರು ಹಾಕಿಸಿದ ಇನ್ನೊಬ್ಬ ಮನುಷ್ಯನನ್ನು ನಾನು ಆಮೇಲೆ ಕಾಣಲಿಲ್ಲ. ಅಜ್ಜಿ ಹಳೆಯ ಕ್ಯಾಸೆಟ್ಟಿಗೂ ಕುಂಕುಮ ಇಟ್ಟಳು. ಮೊದಲು ಎ ಸೈಡು ಹಾಕಿ ಎಂದು ರುದ್ರಣ್ಣ ಕೇಳಿಕೊಂಡ. ಹಾಕಿದೆವು. ನಿಜವಾಗಿಯೂ ಚೆನ್ನಾಗಿ ಹಾಡಿದ್ದ.

ಆಮೇಲೆ ಮಾವ ಕ್ಯಾಸೆಟ್ಟು ತಿರುಗಿಸಿದ. ಜನರ ಗದ್ದಲ, ಮಗುವೊಂದರ ಅಳು, ಹಾರ್ಮೋನಿಯಂ. ರುದ್ರಣ್ಣನ ದನಿ ಏರಿತು, ತಡವರಿಸಿತು, ನಿಂತಿತು. ಹಾರ್ಮೋನಿಯಂ ಮಾತ್ರ ಅದೇ ಜಾಗದಲ್ಲಿ ಸುತ್ತುತ್ತಾ ಅವನಿಗಾಗಿ ಕಾಯಿತು. ಆಗ ಒಬ್ಬರು, ನಾನು ಎಂದೂ ಕೇಳದಿದ್ದ ಒಬ್ಬರು, ನಮ್ಮ ಜಗಲಿಯಲ್ಲೇ ಕೂತಿರುವಷ್ಟು ಹತ್ತಿರದಿಂದ ಮಾತಾಡಿದರು.

"ಹೆದ್ರಬ್ಯಾಡ. ನಾನಿದೀನಿ."

ದಪ್ಪ ದನಿಯಲ್ಲ. ಊರಿನವರು ಅಣಕಿಸುತ್ತಿದ್ದದ್ದು ಸುಳ್ಳು ದನಿ. ಇದು ತೆಳ್ಳಗೆ, ಸ್ವಲ್ಪ ಒಡೆದ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ಮಾತಾಡುವವರ ದನಿ. ಅದರ ಹಿಂದೆಯೇ ಹಾಡಿನ ಆ ಒಂದು ಸಾಲು. ಸತ್ತವರು ಹೋದರು ಎಂದೇ ನನಗೆ ಎಲ್ಲರೂ ಹೇಳಿದ್ದರು. ಇಲ್ಲಿ ನೋಡಿದರೆ ಬೆಂಕಿಕಡ್ಡಿಗಿಂತ ಸ್ವಲ್ಪ ಅಗಲದ ಕಂದು ರಿಬ್ಬನ್ನಿನಲ್ಲಿ ನನ್ನ ತಾತ ಇಷ್ಟು ವರ್ಷ ರುದ್ರಣ್ಣನಿಗೆ ಧೈರ್ಯ ಹೇಳುತ್ತಲೇ ಇದ್ದರು. ಯಾರೂ ನಗಲಿಲ್ಲ. ರುದ್ರಣ್ಣ ನೆಲ ನೋಡುತ್ತಿದ್ದ.

ಅಜ್ಜಿ ಟೇಪ್ ರೆಕಾರ್ಡರಿನ ಹತ್ತಿರಕ್ಕೆ ಸರಿದು ಕೂತಳು. "ಊರೋರೆಲ್ಲಾ ಆ ಮಾತ್ನ ನಗಾಡ್ಕಂಡ್ ಹೇಳ್ತಾರೆ. ಅವರು ನಗಾಡ್ಕಂಡ್ ಹೇಳಿರ್ಲಿಲ್ಲ," ಎಂದು ಹೇಳಿ, ಇನ್ನೊಂದು ಸಲ ಹಾಕು ಎಂದಳು.

ಮಾವ ಬೇಡ ಎಂದ. ಟೇಪು ಹಳೆಯದು, ಸುಮ್ಮನೆ ಓಡಿಸಿದರೆ ಸಿಕ್ಕಿಕೊಳ್ಳುತ್ತದೆ, ಮೊದಲು ಕಾಪಿ ಮಾಡಿಕೊಳ್ಳೋಣ ಎಂಬುದು ಅವನ ಲೆಕ್ಕ. ಆಗ ನಮಗೆ ಗೊತ್ತಿದ್ದ ಕಾಪಿ ಒಂದೇ. ಎರಡು ಟೇಪ್ ರೆಕಾರ್ಡರುಗಳನ್ನು ಎದುರುಬದುರು ಕೂರಿಸಿ, ಒಂದನ್ನು ಹಾಡಲು ಬಿಟ್ಟು, ಇನ್ನೊಂದರ ಕೆಂಪು ಗುಂಡಿ ಒತ್ತುವುದು. ಕೋಣೆಯ ಕಿಟಕಿ ಮುಚ್ಚಿದೆವು. ಕೋಳಿಗಳನ್ನು ಓಡಿಸಿದೆವು. ಕರುವನ್ನು ತೆಂಗಿನ ತೋಟದ ಆ ತುದಿಗೆ ಕಟ್ಟಿ ಬಂದೆವು. ಯಾರೂ ಕೆಮ್ಮಬಾರದು, ಬಳೆ ಸದ್ದು ಬರಬಾರದು ಎಂದು ಮಾವ ಆಜ್ಞೆ ಮಾಡಿದ. ಅಜ್ಜಿ ತನ್ನ ಬೆಳ್ಳಿ ಬಳೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಎರಡು ಮಿಷನ್ನುಗಳ ಪಕ್ಕದಲ್ಲೇ ಕೂತಳು. ಸೆಖೆಗೆ ಎಲ್ಲರ ಮುಖದಲ್ಲೂ ನೀರಿಳಿಯುತ್ತಿತ್ತು. ದೊರೆ ತಡವರಿಸಿದ, ನಿಂತ. ಹಾರ್ಮೋನಿಯಂ ಕಾಯಿತು. ಹೊರಗೆ ಒಂದು ಕಾಗೆ ಕೂಗಿತು. ಮಾವ ಹಲ್ಲು ಕಚ್ಚಿದ.

"ಹೆದ್ರಬ್ಯಾಡ. ನಾನಿದೀನಿ," ಎಂದರು ತಾತ.

"ಹೂಂ," ಎಂದಳು ಅಜ್ಜಿ.

ತೀರಾ ಮೆಲ್ಲಗೆ. ಅಡುಗೆಮನೆಯಿಂದ ಜಗಲಿಯಲ್ಲಿರುವವರಿಗೆ ಓಗೊಡುವಂತೆ. ಅವಳಿಗೇ ಗೊತ್ತಾಗಲಿಲ್ಲ ಎಂದು ಕಾಣುತ್ತದೆ. ಮಾವ ತಲೆ ಚಚ್ಚಿಕೊಂಡ. ಅಷ್ಟೆಲ್ಲ ಮಾಡಿ ಸರಿಯಾಗಿ ಅಲ್ಲೇ ಕೆಟ್ಟಿತಲ್ಲ ಎಂದು ಎರಡೂ ನಿಲ್ಲಿಸಿ, ಮೊದಲಿನಿಂದ ಮಾಡೋಣ ಎಂದು ರುದ್ರಣ್ಣನ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿದ. ಮಿಷನ್ನು ಒಮ್ಮೆ ಕಿರ್ ಎಂದಿತು. ತೆರೆದು ನೋಡಿದರೆ ರಿಬ್ಬನ್ನು ರೋಲರಿಗೆ ಸುತ್ತಿಕೊಂಡು ಮುದ್ದೆಯಾಗಿತ್ತು. ಬಿಡಿಸಿದೆವು, ಪೆನ್ಸಿಲ್ಲು ತೂರಿಸಿ ಸುತ್ತಿದೆವು, ಮತ್ತೆ ಹಾಕಿದೆವು. ಆ ಜಾಗ ಬಂದಾಗ ನೀರಿನಲ್ಲಿ ಮುಳುಗಿದವರು ಮಾತಾಡಿದಂಥ ಸದ್ದು, ಅಷ್ಟೇ.

ಮಾವನಿಗೆ ಅಳುವೇ ಬಂತು. ರುದ್ರಣ್ಣ, ತನ್ನ ಕ್ಯಾಸೆಟ್ಟು ಹಾಳಾದದ್ದಕ್ಕೆ ತಾನೇ ಮಾವನ ಬೆನ್ನು ತಟ್ಟುತ್ತಿದ್ದ. ಇನ್ನು ಉಳಿದದ್ದು ಆ ಕೆಟ್ಟ ಕಾಪಿ ಒಂದೇ, ಕಾಗೆ ಮತ್ತು ಅಜ್ಜಿ ಸಮೇತ. ಇರ್ಲಿ ಬುಡು ಎಂದು ಅಜ್ಜಿ ಅದನ್ನೇ ಎತ್ತಿಕೊಂಡು ಹೋಗಿ ದೇವರ ಮುಂದೆ ಇಟ್ಟಳು. ಅವಳು ಇರುವವರೆಗೆ ಪ್ರತಿ ಬೇಸಿಗೆ, ಬಾಬಣ್ಣ ಕೊಟ್ಟ ಹೊಸದೂ ಹಳೆಯದೂ ಮುಗಿದ ಮೇಲೆ, ಕೊನೆಗೆ ಅದನ್ನು ಒಮ್ಮೆ ಹಾಕಿಸಿಕೊಳ್ಳುತ್ತಿದ್ದಳು. ಊರಿನಲ್ಲಿ ರುದ್ರಣ್ಣನನ್ನು ರೇಗಿಸುವುದು ತಾನಾಗಿ ನಿಂತಿತು.

ಈಗ ಅಜ್ಜಿ ಇಲ್ಲ. ಬಾಬಣ್ಣನ ಅಂಗಡಿಯ ಜಾಗದಲ್ಲಿ ಮೊಬೈಲಿನ ಕವರು ನೇತುಹಾಕಿದ್ದಾರೆ. ಯುಗಾದಿ ಮುಗಿಯುವ ಹೊತ್ತಿಗೆ ನನ್ನ ಫೋನು ಈ ಬೇಸಿಗೆಗೆ ಕೇಳಬೇಕಾದ ಹಾಡುಗಳು ಎಂದು ತಾನೇ ಹೇಳುತ್ತದೆ. ಹೊಸದೂ ಇರುತ್ತದೆ, ಹಳೆಯದೂ ಇರುತ್ತದೆ, ಎಣಿಸಲಾಗದಷ್ಟು. ಕೆಲವು ಬಹಳ ಚೆನ್ನಾಗಿರುತ್ತವೆ, ಸುಳ್ಳು ಯಾಕೆ ಹೇಳಲಿ. ಆದರೆ ಅದು ಮನೇಲಿ ಯಾರ್ಯಾರಿದೀರಿ ಎಂದು ಕೇಳುವುದಿಲ್ಲ. ಯಾರಿಲ್ಲ ಎಂಬುದಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ.

ಹೋದ ಬೇಸಿಗೆ ಮಾವ ಆ ಕಾಪಿಯನ್ನು ಜೋಪಾನವಾಗಿ ತಂದುಕೊಟ್ಟ. ನನ್ನ ಮಗಳು ಅದನ್ನು ಕಂಪ್ಯೂಟರಿಗೆ ಹಾಕಿ, ಏನೇನೋ ಮಾಡಿ, ಗಲಾಟೆಯೆಲ್ಲ ತೆಗೆದುಬಿಟ್ಟಿದ್ದೀನಿ ಕೇಳಮ್ಮ ಎಂದು ನನ್ನ ಕಿವಿಗೆ ಸಿಕ್ಕಿಸಿದಳು. ಹಾರ್ಮೋನಿಯಂ ತೊಳೆದಿಟ್ಟಷ್ಟು ಶುದ್ಧ. ಕಾಗೆ ಇರಲಿಲ್ಲ. ಹೆದರಬೇಡ, ನಾನಿದೀನಿ ಎಂದರು ತಾತ, ಎಂದಿಗಿಂತ ಸ್ಪಷ್ಟವಾಗಿ. ಅದಾದ ಮೇಲೆ ಓಗೊಡುವವರು ಯಾರೂ ಇರಲಿಲ್ಲ. ಬರೀ ಖಾಲಿ.

"ಹೂಂ," ಎಂದೆ ನಾನು. ಯಾರ ಜೊತೆ ಮಾತಾಡ್ತಿದೀಯಮ್ಮ ಎಂದು ಮಗಳು ಕೇಳಿದಳು.