ಕೋಟೆ ಮಂಟಪದ ಮಧ್ಯಾಹ್ನದ ದೆವ್ವ

ಹುಳುಮನೆಗೆ ಕಾಲಿಡುವ ಮುನ್ನ ಗಂಗುಲಮ್ಮ ಬುಟ್ಟಿಯಿಂದ ಒಂದು ಹಿಪ್ಪುನೇರಳೆ ಎಲೆ ತೆಗೆದು ಮೂಸಿ ನೋಡುತ್ತಿದ್ದರು. ಹಬ್ಬವಿರಲಿ, ಮೈಗೆ ಹುಷಾರಿಲ್ಲದಿರಲಿ, ಅದು ತಪ್ಪಿದ್ದೇ ಇಲ್ಲ. “ದೇವ್ರಿಗೆ ಹೂವ ಮೂಸ್ದೆ ಇಡ್ಬೇಕು, ಹುಳಕ್ಕೆ ಸೊಪ್ಪು ಮೂಸೇ ಇಡ್ಬೇಕು” ಎನ್ನುತ್ತಿದ್ದರು. ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡವರು. ಕೆಂಚಾರ್ಲಹಳ್ಳಿಯಲ್ಲಿ ಒಬ್ಬರೇ ರೇಷ್ಮೆಹುಳು ಸಾಕಿ, ಗೂಡನ್ನು ಶಿಡ್ಲಘಟ್ಟಕ್ಕೆ ಒಯ್ದು ಮಾರಿ ಬದುಕು ಕಟ್ಟಿಕೊಂಡಿದ್ದರು.

ಅವರು ‘ದೆವ್ವದ ಸಂಘ’ ಸೇರಿದ್ದು ಐವತ್ತಾರನೇ ಇಸವಿಯಲ್ಲಿ. ಹೆಸರಿಟ್ಟು ನಕ್ಕದ್ದು ಊರಿನವರು. ಸಂಘದಲ್ಲಿ ಇದ್ದವರು ಮೂರೇ ಜನ: ಶಾಲೆಯ ಲಕ್ಷ್ಮಯ್ಯ ಮೇಷ್ಟ್ರು, ಎತ್ತಿನಗಾಡಿಯ ಬಯ್ಯಪ್ಪ, ಗಂಗುಲಮ್ಮ. ದೆವ್ವವಿದೆಯೆಂದು ಜನ ಬಿಟ್ಟ ಹಳೆಯ ಕೋಟೆ, ಮಂಟಪ, ಬಾವಿಗಳಿಗೆ ಹೋಗಿ ಕುಳಿತು ನೋಡುವುದು ಅವರ ಕೆಲಸ. ನಮ್ಮ ಕಡೆ ದೆವ್ವ ಓಡಾಡುವುದು ಮಟಮಟ ಮಧ್ಯಾಹ್ನವೂ ಹೌದಾದ್ದರಿಂದ ಬುತ್ತಿ ಕಟ್ಟಿಕೊಂಡು ಬಿಸಿಲಲ್ಲೇ ಹೊರಡುತ್ತಿದ್ದರು. ಸ್ಕಂದಗಿರಿಯ ಮೇಲಿನ ಬಿದ್ದ ಗೋಡೆಗಳ ನಡುವೆ ಕುಳಿತರು, ಗೌರಿಬಿದನೂರಿನಾಚೆಯ ಪಾಳುಬಾವಿಗೂ ಇಳಿದರು. ಸಿಕ್ಕಿದ್ದು ಬಾವಲಿಗಳು, ಒಮ್ಮೆ ಯಾರದೋ ತಪ್ಪಿಸಿಕೊಂಡ ಮೇಕೆ.

“ಭಯ ಆಗಲ್ವಾ?” ಎಂದು ಕೇಳಿದರೆ, “ನರಸಿಂಹಸ್ವಾಮೀನ ಜೊತೇಲೇ ಕರ್ಕೊಂಡು ಹೋಗ್ತೀನಲ್ಲ. ಭಯ ಬಯ್ಯಪ್ಪನಿಗೆ. ಎತ್ತು ಕಾಯ್ತೀನಿ ಅಂತ ಗಾಡಿ ಬಿಟ್ಟು ಇಳಿಯಲ್ಲ” ಎನ್ನುತ್ತಿದ್ದರು.

ಮರುವರ್ಷದ ಬೇಸಿಗೆಯಲ್ಲಿ ಪಕ್ಕದೂರಿನ ವೆಂಕಟರಾಮಪ್ಪನ ಮನೆಯಲ್ಲಿ ಹಣ್ಣಾಗಿ ಗೂಡು ಕಟ್ಟಲಿದ್ದ ಹುಳುಗಳೆಲ್ಲ ಹಸಿರು ಕಕ್ಕಿ ಒಂದೇ ದಿನ ಸತ್ತವು. ಹಿಂದಿನ ಮಧ್ಯಾಹ್ನ ಹೊಸ ಸೊಸೆ ಆದಿಲಕ್ಷ್ಮಮ್ಮ ಸೊಪ್ಪು ಬಾಡಬಾರದೆಂದು ಬುಟ್ಟಿಯನ್ನು ತೋಟದಂಚಿನ ಕೋಟೆ ಮಂಟಪದೊಳಗೆ ಇಟ್ಟು, ಅಲ್ಲೇ ಕುಳಿತು, ತಲೆಸುತ್ತಿ ಬಿದ್ದಿದ್ದಳು. ಆ ಮಂಟಪದಲ್ಲಿ ದೆವ್ವವಿದೆಯೆಂದು ವೆಂಕಟರಾಮಪ್ಪ ಒಂದು ವರ್ಷದಿಂದ ಹೇಳುತ್ತಿದ್ದ; ಸೊಸೆಗೆ ಮಾತ್ರ ಯಾರೂ ಹೇಳಿರಲಿಲ್ಲ. ದೆವ್ವ ಅವಳನ್ನು ಹಿಡಿದು ಮನೆಗೆ ಬಂತು, ಹುಳು ತಿಂತು ಎಂದು ಮನೆಯವರು ತೀರ್ಮಾನಿಸಿದರು. ಶುಕ್ರವಾರ ಹೆಣ್ಣನ್ನು ಕಳಿಸಬಾರದಲ್ಲ, ಗುರುವಾರವೇ ತವರಿಗೆ ಅಟ್ಟುತ್ತೇವೆ, ಮತ್ತೆ ಕರೆಸುವುದಿಲ್ಲ ಎಂದರು.

ಸುದ್ದಿ ಕೇಳಿ ಬುಧವಾರವೇ ಸಂಘ ಹೊರಟಿತು. ಗಂಗುಲಮ್ಮ ಮೊದಲು ಹೋದದ್ದು ಹುಡುಗಿಯ ಬಳಿಗೆ.

“ಏನಮ್ಮ ಕಂಡೆ ಅಲ್ಲಿ?”

“ಏನೂ ಕಾಣ್ಲಿಲ್ಲ ಅಜ್ಜಿ. ಏನೋ ಘಾಟು. ತಲೆ ಗಿರ್ ಅಂತು.”

“ಘಾಟಿನ ದೆವ್ವ ನಾನು ಕೇಳೇ ಇಲ್ಲ” ಎಂದ ಬಯ್ಯಪ್ಪ.

“ನೀನು ಯಾವ ದೆವ್ವಾನ ಹತ್ರದಿಂದ ನೋಡಿದ್ದೀಯ, ಗಾಡೀಲಿ ಕೂತ್ಕೊಂಡು?” ಎಂದರು ಮೇಷ್ಟ್ರು.

ಮಂಟಪದೊಳಗೆ ಗಂಗುಲಮ್ಮ ಒಂದು ಹಿಡಿ ಸೊಪ್ಪು ಇಟ್ಟು, ಎದುರಿಗೆ ಕುಳಿತು, ದೇವರ ನಾಮ ಹೇಳಿಕೊಂಡರು. ಸ್ವಲ್ಪ ಹೊತ್ತಿಗೆ ತಲೆ ಭಾರವಾಯಿತು. ಎಲೆ ತೆಗೆದು ಮೂಸಿದರು; ಹುಡುಗಿ ಹೇಳಿದ ಘಾಟೇ. ಎದ್ದು ನೇರವಾಗಿ ಹಿಂದಿನ ಕೋಣೆಯ ಬಾಗಿಲಿಗೆ ಅಡ್ಡವಿಟ್ಟಿದ್ದ ಮುಳ್ಳು ಸರಿಸಿದರು. ಒಳಗೆ ಹಗ್ಗಗಳ ಮೇಲೆ ಹೊಗೆಸೊಪ್ಪು, ಸೂರಿನವರೆಗೆ. ಸುಂಕದವರ ಕಣ್ಣು ತಪ್ಪಿಸಿ ವೆಂಕಟರಾಮಪ್ಪ ಒಣಗಲು ಹಾಕಿದ್ದು; ದೆವ್ವದ ಕಥೆ ಕಟ್ಟಿದ್ದೂ ಅದಕ್ಕೇ.

ಹೊಗೆಸೊಪ್ಪಿನ ಗಾಳಿ ತಾಕಿದ ಎಲೆ ತಿಂದರೆ ಹುಳು ಉಳಿಯುವುದಿಲ್ಲ. ಬೀಡಿ ಸೇದಿದವನನ್ನೂ ಹುಳುಮನೆಗೆ ಬಿಡದ ಸೀಮೆ ನಮ್ಮದು. ಹುಳು ಹಸಿರು ಕಕ್ಕಿದ ಬೆಳಿಗ್ಗೆಯೇ ವೆಂಕಟರಾಮಪ್ಪನಿಗೆ ಎಲ್ಲವೂ ತಿಳಿದಿರಬೇಕು. ಆದರೂ ಅವನು ಬಾಯಿ ಬಿಟ್ಟಿರಲಿಲ್ಲ.

ಗಂಗುಲಮ್ಮ ಮನೆಗೆ ಬಂದಾಗ ಅವನು ಜಗಲಿಯ ಮೇಲಿದ್ದ. ಸೊಸೆಯ ಟ್ರಂಕು ಆಗಲೇ ಹೊರಗೆ ಬಂದಿತ್ತು.

“ದೆವ್ವ ಸಿಗ್ತಪ್ಪ ವೆಂಕಟರಾಮಪ್ಪ. ಹಗ್ಗದ ಮೇಲೆ ಒಣಗ್ತಾ ಐತೆ. ನಾನು ಹೇಳ್ಲಾ, ನೀನು ಹೇಳ್ತೀಯಾ?”

ಅವನು ದಡಬಡಿಸಿ ಎದ್ದ. “ಅಕ್ಕಾ, ಒಳಗೆ ಬಾ, ಮಾತಾಡಣ.”

“ಹುಡುಗೀನ ಬೈದಿದ್ದು ಹೊರಗಲ್ವಾ? ಇಲ್ಲೇ ಹೇಳು. ಅವಳ್ನೂ ಕರಿ.”

ಗಂಗುಲಮ್ಮ ಕದಲಲಿಲ್ಲ. ಕೊನೆಗೆ ಅವನು ಹೆಂಡತಿ, ಮಗ, ಸೊಸೆಯ ಎದುರು ತಲೆತಗ್ಗಿಸಿ ಹೇಳಿದ: ದೆವ್ವವಿಲ್ಲ, ತಪ್ಪು ಅವಳದಲ್ಲ, ತನ್ನದು. ಅವನ ಮಗ ಟ್ರಂಕನ್ನು ಹೊತ್ತು ಒಳಗೆ ಹೋದ. ಆದಿಲಕ್ಷ್ಮಮ್ಮ ಅತ್ತಳು, ಅತ್ತೆ ಅವಳ ಕೈ ಹಿಡಿದುಕೊಂಡಳು.

ಗಂಗುಲಮ್ಮ ಹೊರಟಾಗ ವೆಂಕಟರಾಮಪ್ಪ ಬೀದಿಯವರೆಗೂ ಹಿಂದೆ ಬಂದ.

“ಅಕ್ಕಾ, ನಾಳೇನೇ ಅದನ್ನ ತೆಗೆಸ್ಬಿಡ್ತೀನಿ, ಸುಂಕದವರಿಗೆ ಮಾತ್ರ ಹೇಳ್ಬ್ಯಾಡ. ಇನ್ಮೇಲೆ ನಿನ್ನ ಗೂಡೆಲ್ಲಾ ನನ್ನ ಗಾಡೀಲೇ ಶಿಡ್ಲಘಟ್ಟಕ್ಕೆ ಹೋಗ್ಲಿ. ಬಾಡಿಗೆ ಮಾತೇ ಬ್ಯಾಡ.”

“ಬ್ಯಾಡಪ್ಪ. ನನಗೆ ಬಯ್ಯಪ್ಪನ ಗಾಡಿ ಐತೆ” ಎಂದು ಗಂಗುಲಮ್ಮ ಗಾಡಿ ಹತ್ತಿದರು.